ಮೊದಲ ನೀರು

ಲಾಂಡ್ರಿಯ ಬೆಂಚಿನಲ್ಲಿ ತನ್ನ ಯೂನಿಫಾರ್ಮಿಗಾಗಿ ಕಾಯುತ್ತಿದ್ದ ಬಸ್ ಡ್ರೈವರನಿಗೆ ಆಗಷ್ಟೇ ಜೊಂಪು ಹತ್ತಿತ್ತು. ಪಕ್ಕದಲ್ಲಿದ್ದ ಅತ್ತೆ ಸೊಸೆಯ ಮಾತು ಅದನ್ನು ಕೆಡಿಸಿತು. ಇಬ್ಬರ ಕಣ್ಣೂ ಗಿರಗಿರ ತಿರುಗುವ ಮಷೀನಿನ ಗಾಜಿನ ಮೇಲೆಯೇ ಇತ್ತು.

“ಚರ್ಚಿನ ಬಲಿಪೂಜೆ ಪಾತ್ರೆ ಒರೆಸೋ ಬಟ್ಟೆ ಕಣೇ ಅದು. ನಿನ್ನ ಗಂಡನ ಕಾಲುಚೀಲದ ಜೊತೆ ಹಾಕಿದ್ಯಲ್ಲ.”

“ಒಗೆಯೋ ಬಟ್ಟೇಲಿತ್ತು, ಹಾಕ್ದೆ. ನನಗೇನು ಕನಸು ಬಿದ್ದಿತ್ತಾ ಅತ್ತೆ?”

“ಮೊದಲ ನೀರು ಕೈಯಲ್ಲೇ ಜಾಲಿಸಿ ಮಣ್ಣಿಗೆ ಹಾಕ್ಬೇಕು. ಚರಂಡಿಗೆ ಬಿಡೋ ಹಾಗಿಲ್ಲ. ಅದರಲ್ಲಿರೋದು ಬರೀ ದ್ರಾಕ್ಷಾರಸ ಅಲ್ಲ, ಯೇಸುಸ್ವಾಮಿ ರಕ್ತ.”

“ಹಾಗಾದ್ರೆ ನಿಲ್ಲಿಸೋಕೆ ಹೇಳಿ.”

“ಲಾಂಡ್ರಿಯವನಿಗೆ ಹೇಳ್ದೆ. ಮುಗಿಯೋವರೆಗೂ ಬಾಗಿಲು ತೆಗೆಯಲ್ವಂತೆ.”

“ಇಪ್ಪತ್ತು ವರ್ಷದಿಂದ ತೊಳೀತಿದ್ದೀರಿ. ಒಂದು ದಿನ ಹೇಳಿಕೊಟ್ರಾ? ಮುಟ್ಬೇಡ, ಮುಟ್ಬೇಡ ಅಂದ್ರಿ, ಅಷ್ಟೇ.”



ಮಷೀನು ನಿಂತಿತು. ಸೊಸೆ ಕಾಲುಚೀಲಗಳ ನಡುವಿನಿಂದ ಆ ಬಿಳಿ ಬಟ್ಟೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು.

“ನೋಡಿ, ನೀವು ಎಷ್ಟು ಉಜ್ಜಿದ್ರೂ ಬಿಡದ ಕಲೆ ಹೋಗಿದೆ.”

ಅತ್ತೆ ಬಟ್ಟೆಯನ್ನು ಕಿತ್ತುಕೊಂಡು, ಎದೆಗೊತ್ತಿಕೊಂಡು ಬಾಗಿಲ ಕಡೆ ನಡೆದಳು.

“ಎಲ್ಲಿಗೆ ಹೋಯ್ತು? ಅದನ್ನ ಹೇಳು.”