ಸೀರೆ ಬೆಳೆದಿರಲಿಲ್ಲ

ಇಷ್ಟು ಹೊತ್ತು ಪ್ರವಚನದಲ್ಲಿ ಆತ್ಮದ ಮಾತಾಯಿತು. ಈಗ ಸ್ವಲ್ಪ ಎಲುಬಿನ ಮಾತಾಡೋಣ. ನಗಬೇಡಿ. ಆತ್ಮ ಬಿಡಾರ ಹೂಡಿರುವ ಮನೆಗೆ ಕಂಬಗಳು ಅವೇ ತಾನೇ?

ಒಂದೂರಲ್ಲಿ ಒಬ್ಬ ಸೀರೆ ಸಾಹುಕಾರ ಇದ್ದ. ಹೆಸರು ಕೇಳಬೇಡಿ, ಹೇಳಿದರೆ ಎಲ್ಲರೂ ಪಕ್ಕದಲ್ಲಿ ಕೂತವರ ಮುಖ ನೋಡುತ್ತೀರಿ. ಬಟ್ಟೆಯ ವಿಷಯದಲ್ಲಿ ಅವನ ಕಣ್ಣೆಂದರೆ ಕಣ್ಣು. ಹಾಸಿದ ಸೀರೆಯನ್ನು ಬಾಗಿಲಲ್ಲೇ ನಿಂತು ನೋಡಿ, ಪನ್ನ, ಅಂದರೆ ಅಗಲ, ಕಾಲಿಂಚು ಹೆಚ್ಚುಕಡಿಮೆ ಇದ್ದರೂ ಹೇಳಿಬಿಡುತ್ತಿದ್ದ. ಆ ಕಣ್ಣಿನ ಮೇಲೆ ಅವನಿಗೆ ಬಹಳ ಹೆಮ್ಮೆಯಿತ್ತು.

ಒಂದು ದಿನ ಅವನ ಹೆಂಡತಿ ಬಂದು, "ಇತ್ತಿತ್ಲಾಗ ಸೀರಿ ನೆಲಾ ಬಳೀಲಿಕತ್ತಾವ್ರಿ. ಎಷ್ಟು ಸಿಗಿಸಿದ್ರೂ ಉಳೀತಾವು. ನಿಮ್ಮ ನೇಕಾರ ಪನ್ನ ಹೆಚ್ಚು ಮಾಡ್ಯಾನೇನು ನೋಡ್ರಿ. ನಿನ್ನೆ ಕಾಲಾಗ ಸಿಕ್ಕು ಬೀಳೂದು ತಪ್ಪಿತು" ಅಂದಳು.

ನೋಡಿ, ಇದೇ ಹೆಂಗಸು ಆರು ತಿಂಗಳಿಂದ ಬೆನ್ನು ನೋವು, ಬೆನ್ನು ನೋವು ಎನ್ನುತ್ತಿದ್ದಳು. "ವಯಸ್ಸಾತಲ್ಲ, ಎಣ್ಣಿ ಹಚ್ಕೋ" ಎಂದು ಅವನು ಅಲ್ಲಿಗೇ ಬಿಟ್ಟಿದ್ದ. ಈಗ ದೂರು ಸೀರೆಯ ಮೇಲೆ ಬಂತು, ಸಾಹುಕಾರನ ಕಿವಿ ನೆಟ್ಟಗಾಯಿತು. ನಾವೂ ಹಾಗೇ ಅಲ್ಲವೇ? ಮನುಷ್ಯರ ನೋವು ಕೇಳಿಸುವುದಿಲ್ಲ, ಮಾಲಿನ ಮೇಲಿನ ದೂರು ಕೇಳಿಸುತ್ತದೆ.

ನೇಕಾರನನ್ನು ಕರೆಸಿದ. ಇಪ್ಪತ್ತು ವರ್ಷದಿಂದ ಆ ಮನೆಯ ಸೀರೆಗಳನ್ನೆಲ್ಲ ನೇಯ್ದ ಮನುಷ್ಯ ಅವನು. "ಕೈ ಕೆಟ್ಟಿತೇನಪಾ ನಿಂದು? ಹಂಗಾದ್ರ ಸೋಮವಾರದಿಂದ ಮಗ್ಗ ಬಿಟ್ಟುಕೊಡು" ಎಂದ ಸಾಹುಕಾರ.

ನೇಕಾರ ಕಿಸೆಯಿಂದ ಟೇಪು ತೆಗೆದ. ಒಂದು ಸೀರೆ ಅಳೆದ, ನಲವತ್ತೆಂಟು ಇಂಚು. ಇನ್ನೊಂದು ಅಳೆದ, ನಲವತ್ತೆಂಟು. ಮತ್ತೊಂದು, ಅದೂ ನಲವತ್ತೆಂಟು. ಆಮೇಲೆ ಒಳಗಿನ ಕಡೆ ತಿರುಗಿ, "ಅವ್ವಾರ, ನಿಮ್ಮ ಮದುವಿ ಸೀರಿ ಐತೇನ್ರಿ? ಉಟ್ಕೊಂಡು ಬರ್ತೀರೇನು?" ಎಂದು ಕೇಳಿದ.

ಉಟ್ಟು ಬಂದಳು. ಮದುವೆಯ ದಿನ ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ ಸಾಹುಕಾರ ಅವಳ ಮುಖ ನೋಡಿರಲಿಲ್ಲ, ಪಾದ ನೋಡಿದ್ದ. ಸೀರೆಯ ಅಂಚಿನ ಕೆಳಗೆ ಎರಡು ಕಾಲುಂಗುರ ಹೊಳೆದದ್ದು ಅವನಿಗೆ ಇವತ್ತಿಗೂ ನೆನಪು. ಈಗ ಅದೇ ಸೀರೆ, ಅದೇ ಹೆಣ್ಣು. ಕಾಲುಂಗುರ ಕಾಣಲಿಲ್ಲ. ಅಂಚು ನೆಲದ ಮೇಲೆ ಮಡಚಿ ಬಿದ್ದಿತ್ತು.

ನೇಕಾರ ಮೆಲ್ಲಗೆ ಹೇಳಿದ: "ಸೀರಿ ಬೆಳದಿಲ್ರಿ ಸಾವಕಾರ್ರ. ಅವ್ವಾರು ಕುಗ್ಗ್ಯಾರ."

ಸಾಹುಕಾರ ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮಣಿಗಳು ಕುಸಿದು ಚಪ್ಪಟೆಯಾಗಿದ್ದವು. ಅವಳು ಎಲ್ಲೂ ಬಿದ್ದಿರಲಿಲ್ಲ, ಏನೂ ಇಲ್ಲ, ಎಂದೋ ಒಂದು ಕೊಡ ನೀರು ಎತ್ತಿದ್ದಳು ಅಷ್ಟೇ. ಡಾಕ್ಟರಮ್ಮ ಒಂದೊಂದೇ ಕೇಳುತ್ತಾ ಹೋದರು. ಮುಟ್ಟು ಯಾವಾಗ ನಿಂತಿತು? ಮೂವತ್ತೆಂಟಕ್ಕೇ ಗರ್ಭಕೋಶ, ಅಂಡಾಶಯ ಎಲ್ಲ ತೆಗೆಸಿದ್ದರು. ತಾಯಿಗೆ ಹೀಗೇನಾದರೂ ಆಗಿತ್ತೇ? ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು, ಮತ್ತೆ ನಡೆಯಲೇ ಇಲ್ಲ. ತಂಬಾಕು? ಊಟದ ಮೇಲೆ ಒಂದು ಚೂರು.

"ಹಾಲು ಕುಡೀತೀರೇನು?"

"ಎಲ್ಲಾರಿಗೂ ಹಾಕಿ ಉಳದ್ರ ಕುಡಿಯೂದ್ರಿ."

"ಉಳೀತೈತೇನು?"

"ಉಳದ್ರ ಹೆಪ್ಪು ಹಾಕ್ತೀನ್ರಿ."

ಆಹಾ, ನಗುತ್ತಿದ್ದೀರಿ ತಾಯಂದಿರು. ಯಾಕೆಂದರೆ ನೀವೂ ಹೆಪ್ಪು ಹಾಕುವವರೇ.

ಆಮೇಲೆ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಎಂಬ ಯಂತ್ರದ ಕೆಳಗೆ ಮಲಗಿಸಿದರು. ಹತ್ತು ನಿಮಿಷದ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಅಂಕಿ ಮೈನಸ್ ಎರಡೂವರೆಗೆ ಬಂದರೆ ಎಲುಬು ಸವೆದಿದೆ ಎಂದು ಲೆಕ್ಕವಂತೆ. ಇವಳದು ಮೈನಸ್ ಮೂರು ದಾಟಿತ್ತು. ಡಾಕ್ಟರಮ್ಮ ಸಾಹುಕಾರನಿಗೆ, "ನೀವು ಬಟ್ಟಿಯವರು, ನಿಮಗ ತಿಳೀತೈತಿ. ಒತ್ತಾಗಿ ನೇಯ್ದದ್ದು, ವಿರಳಾಗಿ ನೇಯ್ದದ್ದು ದೂರಿಂದ ಒಂದ ಥರಾ ಕಾಣ್ತಾವು. ಬೆಳಕಿಗೆ ಹಿಡದ್ರ ಗೊತ್ತಾಗತೈತಿ. ಇವರ ಎಲುಬು ವಿರಳ ಆಗೈತಿ. ಕುಗ್ಗಿದ ಎತ್ತರ ತಿರುಗಿ ಬರೂದಿಲ್ಲ. ಆದ್ರ ಮುಂದ ಮುರಿಯೂದನ್ನ ಬಹಳ ಮಟ್ಟಿಗೆ ತಡೀಬಹುದು" ಎಂದರು.

ಹೆಂಡತಿ ಕೇಳಿದ್ದು ಒಂದೇ ಮಾತು. "ಮಗಳಿಗೆ ಈಗ ದಿನಾ ತುಂಬ್ಯಾವು. ಕೂಸಿನ್ನ ಎತ್ತಿಕೊಬಹುದೇನ್ರಿ ನಾನು?"

"ಬಗ್ಗಿ ಎತ್ತಬ್ಯಾಡ್ರಿ. ಕುಂತಾಗ ಉಡಿಯಾಗ ಹಾಕಿಸಿಕೋರಿ."

ಸಾಹುಕಾರ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಸೀರೆಯಲ್ಲಿ ಕಾಲಿಂಚು ತಪ್ಪು ಹಿಡಿಯುವ ಕಣ್ಣು ಅದು. ಅದರ ಮುಂದೆಯೇ ಹೆಂಡತಿ ಎರಡಿಂಚು ಕುಗ್ಗಿ ಹೋಗಿದ್ದಳು. ಅವನಿಗೆ ಬಹಳ ನಾಚಿಕೆಯಾಯಿತು.

ಅವಳಿಗೆ ಕ್ಯಾಲ್ಸಿಯಂ, ಡಿ ವಿಟಮಿನ್ ಜೊತೆಗೆ ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು, ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು. ಶುಕ್ರವಾರ ಬಂದರೆ ಸಾಹುಕಾರ ಆ ಅರ್ಧ ಗಂಟೆ ಹೆಂಡತಿಯ ಎದುರು ಕುರ್ಚಿ ಹಾಕಿ ಕೂರುತ್ತಿದ್ದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಗಂಡ ಹೆಂಡತಿ ಅರ್ಧ ಗಂಟೆ ಎದುರುಬದುರು ಕೂತದ್ದು ಒಂದು ಮಾತ್ರೆಯ ಪುಣ್ಯದಿಂದ. ತಂಬಾಕಿನ ಸಂಚಿ ತಿಪ್ಪೆಗೆ ಬಿತ್ತು. ಬಚ್ಚಲಿಗೆ ಒರಟು ಕಲ್ಲು ಬಂತು. ಹಾಲು ಮೊದಲು ಅವಳ ಲೋಟಕ್ಕೆ, ಆಮೇಲೆ ಉಳಿದವರಿಗೆ.

ಇಷ್ಟಾದ ಮೇಲೆ ಅವನು ನೇಕಾರನ ಮನೆಗೆ ತಾನೇ ನಡೆದು ಹೋದ. "ಮಗ್ಗ ನಿಂದ. ನನ್ನ ಮಾತು ತಪ್ಪಾತು" ಅಂದ. ಆಮೇಲೆ, "ಒಂದು ಸೀರಿ ನೇಯಬೇಕಲ್ಲಪಾ. ಪನ್ನ ಎರಡಿಂಚು ಕಡಿಮಿ" ಎಂದ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಕೂಸನ್ನು ಉಡಿಯಲ್ಲಿ ಹಾಕಿದರು. ಎಲ್ಲರೂ ಕೂಸಿನ ಮುಖ ನೋಡುತ್ತಿದ್ದರೆ ಸಾಹುಕಾರ ಹೆಂಡತಿಯ ಕಾಲು ನೋಡುತ್ತಿದ್ದ. ಅಂಚಿನ ಕೆಳಗೆ ಕಾಲುಂಗುರಗಳು ಕಾಣುತ್ತಿದ್ದವು.

ಕಥೆ ಮುಗಿಯಿತು, ಏಳಬೇಡಿ. ತಾಯಂದಿರೇ, ನಾಳೆ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಸಿ, ಗುರುತು ಹಾಕಿಸಿ, ವರ್ಷವರ್ಷ ನೋಡಿ. ಒಂದೂವರೆ ಇಂಚು ಇಳಿದಿದ್ದರೆ, ಮುಟ್ಟು ಬೇಗ ನಿಂತಿದ್ದರೆ, ಸಣ್ಣದಾಗಿ ಬಿದ್ದು ಮಣಿಕಟ್ಟು ಮುರಿದಿದ್ದರೆ ವೈದ್ಯರನ್ನು ಕೇಳಿ. ಬಿಸಿಲಿಗೆ ಬನ್ನಿ, ನಡೆಯಿರಿ, ಹಾಲು, ಮೊಸರು, ಎಳ್ಳು ನಿಮ್ಮ ತಾಟಿಗೂ ಬೀಳಲಿ. ಕೊಟ್ಟ ಮಾತ್ರೆಯನ್ನು ನೋವು ಹೋಯಿತೆಂದು ನೀವೇ ನಿಲ್ಲಿಸಬೇಡಿ.

ಗಂಡಸರು ಯಾಕೆ ನಗುತ್ತಿದ್ದೀರಿ? ಬೀಡಿ ಸೇದುವವರು, ಕುಡಿಯುವವರು, ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ನಿಮ್ಮ ಎಲುಬು ಕಬ್ಬಿಣದ್ದೇ? ಒಂದು ನಿಜ ಹೇಳುತ್ತೇನೆ. ಎರಡು ವರ್ಷದಿಂದ ನನ್ನ ಈ ಕಾವಿ ನಿಲುವಂಗಿ ನೆಲ ಗುಡಿಸುತ್ತಿದೆ. ದರ್ಜಿಯನ್ನು ಎರಡು ಸಲ ಬೈದಿದ್ದೇನೆ. ಅಗೋ, ಅಲ್ಲಿ ಮೂರನೆಯ ಸಾಲಿನಲ್ಲೇ ಕೂತಿದ್ದಾನೆ ಪಾಪ. ಸೋಮವಾರ ನಾನು ಆಸ್ಪತ್ರೆಗೆ ಅಳೆಸಿಕೊಳ್ಳಲು ಹೋಗುತ್ತಿದ್ದೇನೆ. ಜೀಪಿನಲ್ಲಿ ಏಳು ಜನಕ್ಕೆ ಜಾಗವಿದೆ. ಯಾರು ಬರುತ್ತೀರಿ, ಕೈ ಎತ್ತಿ.