ಅಮ್ಮ ಬೈದ ಕೆಲಸ

ಎಲ್ಲರಿಗೂ ನಮಸ್ಕಾರ. ಬಾಗಿಲಾಚೆ ನಿಂತವರಿಗೆ ವಣಕ್ಕಂ — ಒಳಗೆ ಬನ್ನಿ, ಕುರ್ಚಿಗಳಿವೆ. ನಮ್ಮನ್ನಗಲಿದ ರಮಾದೇವಿ ಮೇಡಂ ಅವರ ತಾಯಿ ಕನಕಮ್ಮನವರೆ, ತಮ್ಮ ಅಂಬರೀಶ್ ಅವರೆ, ಹೊಸೂರು ಲ್ಯಾಬಿನ ಗೆಳೆಯರೆ —

ಮಾತು ಚಿಕ್ಕದಾಗಿರಲಿ ಎಂದಿದ್ದಾರೆ. ನನ್ನನ್ನು ಬಲ್ಲವರೇ ಹೇಳಿರಬೇಕು.

ಮೊನ್ನೆ ಡೆಂಕಣಿಕೋಟೆಯ ಮನೆಗೆ ಹೋದಾಗ ಕನಕಮ್ಮನವರು ಕೈ ಹಿಡಿದು ಕೇಳಿದರು — "ಬಾಲಾಜಿ, ನಮ್ ರಮಾ ಇಷ್ಟು ವರ್ಷ ಆ ಲ್ಯಾಬಲ್ಲಿ ಏನಪ್ಪಾ ಮಾಡ್ತಿದ್ಲು? ಬಂದೋರೆಲ್ಲ ದೊಡ್ಡ ಕೆಲ್ಸ ಅಂತಾರೆ. ಏನ್ ಕೆಲ್ಸ ಅಂತ ಒಬ್ರೂ ಹೇಳ್ಲಿಲ್ಲ."

ನಾನೂ ಹೇಳಲಿಲ್ಲ. ಅಮ್ಮಾ, ಈಗ ಹೇಳುತ್ತೇನೆ. ನಿಮಗೆ ತಿಳಿಯದಿದ್ದರೆ ಈ ಸಭೆಯೇ ದಂಡ.

ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಉಂಡೆಗಳ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ಗುರುತು. ಕೆಲವು ಗುರುತು ಅಲ್ಲಿನ ಜೀನ್‌ಗೆ 'ಸುಮ್ಮನಿರು' ಎನ್ನುತ್ತವೆ, ಕೆಲವು 'ಏಳು, ಕೆಲಸ ಮಾಡು' ಎನ್ನುತ್ತವೆ. ಒಮ್ಮೆ ಬಿದ್ದ ಗುರುತು ಹೋಗದು ಎಂದೇ ಹಿಂದೆ ಬಹಳ ಮಂದಿ ನಂಬಿದ್ದರು. ಹೋಗುತ್ತದೆ — ಅದನ್ನು ಬಿಚ್ಚುವ ಕಿಣ್ವಗಳಿವೆ. ಮೇಡಂ ಕೆಲಸ ಆ ಕಿಣ್ವಗಳ ಮೇಲೆ.

ನಾನು ಕನ್ನಡ ಮೀಡಿಯಂ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಓದಿ ತಲೆ ಕೆರೆದುಕೊಳ್ಳುತ್ತಿದ್ದಾಗ ಮೇಡಂ ತಮ್ಮ ಪ್ಲಸ್ ಟೂ ರಜೆಯ ಕಥೆ ಹೇಳಿದರು. ಅಮ್ಮ ಗುಲಾಬಿ ಬೆಳೆಯುವ ಶೆಡ್ಡಿನಲ್ಲಿ ಮೇಸ್ತ್ರಿ. ಮೊಗ್ಗು ಬಿರಿಯದಿರಲೆಂದು ಅದಕ್ಕೆ ಬಲೆಯ ಕ್ಯಾಪ್. ಸಂಜೆ ಕೊಯ್ಯಬೇಕಾದ ಕಡ್ಡಿಗೆ ಕೆಂಪು ನೂಲು — ಅದು ಅವರ ಶೆಡ್ಡಿನ ಪದ್ಧತಿ. "ಆ ಸಾಲಿನ ಕ್ಯಾಪ್ ತೆಗಿಯೇ" ಎಂದರೆ, ಮಗಳು ಅದನ್ನು ತೆಗೆದು, ಕೈ ಖಾಲಿ ಇದೆಯಲ್ಲ ಎಂದು ಪಕ್ಕದ ಸಾಲಿನ ನೂಲನ್ನೂ ಬಿಚ್ಚಿದಳು! ಕ್ಯಾಪ್ ಹೋದ ಮೊಗ್ಗುಗಳು ಅರಳಿದವು. ನೂಲು ಹೋದ ಸಾಲನ್ನು — ಕೊಯ್ಯುವವರು ತಿರುಗಿಯೂ ನೋಡದೆ ದಾಟಿಹೋದರು.

"ನೂಲ್ಯಾಕೆ ಬಿಚ್ದೆ, ಕತ್ತೆ! ಗುರ್ತಿಲ್ದಿದ್ರೆ ಕೊಯ್ಯೋರ್ಗೆ ಹೆಂಗೆ ಗೊತ್ತಾಯ್ತದೆ?"

ಆ ಬೈಗುಳವನ್ನು ಮೇಡಂ ನಿಮ್ಮ ದನಿಯಲ್ಲೇ ಹೇಳಿ ತೋರಿಸಿದರಮ್ಮ. ಆಮೇಲೆ ಬೆರಳೆತ್ತಿ — ಹೀಗೆ — "ಬಿಚ್ಚಿದ್ದು ಒಂದೇ ಕೈ ಬಾಲಾಜಿ. ಎಲ್ಲಿಂದ ಏನನ್ನ ಬಿಚ್ತು ಅನ್ನೋದು ಮುಖ್ಯ. ಒಂದ್ಕಡೆ ಎದ್ದೇಳ್ತದೆ, ಒಂದ್ಕಡೆ ಮಲಗ್ತದೆ. ಗಿಡ ಮಾತ್ರ ಅದೇ ಗಿಡ. ಕಿಣ್ವದ್ದೂ ಇದೇ ಕಥೆ."

ನಾನು ಬಿಡುತ್ತೇನೆಯೇ? "ಕ್ಯಾಪನು ತೆಗೆದರೆ ಅರಳೀತು, ನೂಲನು ತೆಗೆದರೆ ಉಳಿದೀತು" ಎಂದೆ. ಮೇಡಂ ಕನ್ನಡಕ ಏರಿಸಿ, "ಪ್ರಾಸ ಸರಿ, ಪ್ರಯೋಗ ಎಲ್ರೀ?" ಎಂದರು.

ಲ್ಯಾಬ್ ನೋಡಲು ಬರುವ ಮಕ್ಕಳಿಗೆ ಅಂದಿನಿಂದ ನನ್ನಿಂದಲೇ ಕನ್ನಡದಲ್ಲಿ ಹೇಳಿಸಿದರು. ನನ್ನ ಬಾಯಿಯ ಕ್ಯಾಪ್ ತೆಗೆದವರು ಅವರು. ವಾಪಸ್ ಹಾಕಲು ಇಲ್ಲಿ ಹಲವರು ಕಾದಿದ್ದಾರೆ.

ಅಮ್ಮಾ, ಮಗಳು ಏನು ಮಾಡುತ್ತಿದ್ದಳು ಎಂದು ಕೇಳಿದಿರಿ. ಅವತ್ತು ಬೈದಿರಲ್ಲ — ಅದನ್ನೇ. ಜೀವಮಾನವೆಲ್ಲ ಅದನ್ನೇ ಮಾಡಿದರು. ಬಹಳ ಚೆನ್ನಾಗಿ ಮಾಡಿದರು.

ಏನಮ್ಮಾ? ... "ಹಂಗಾದ್ರೆ ಬೈಬಾರ್ದಾಗಿತ್ತು" ಅನ್ನುತ್ತಿದ್ದಾರೆ. — ಇಲ್ಲಮ್ಮ, ಬೈದದ್ದೇ ಒಳ್ಳೆಯದಾಯಿತು. ನಾವೆಲ್ಲ ಕಲಿತದ್ದು ಅದರಿಂದಲೇ. ಮಗಳಿಗೂ ನಿಮಗೂ ನಾವು ಋಣಿಗಳು.

ದಯವಿಟ್ಟು ಎಲ್ಲರೂ ಏಳಿ. ಅಮ್ಮಾ, ನೀವು ಕೂತಿರಿ — ನಿಮ್ಮ ಮಂಡಿನೋವಿನ ವಿಚಾರ ಮೇಡಂ ಹೇಳಿದ್ದರು. ನಿಮ್ಮ ಮುಂದೆ ನಾವು ನಿಲ್ಲುತ್ತೇವೆ. ಸ್ವಲ್ಪ ಹೊತ್ತು — ನಾನೂ ಸುಮ್ಮನಿರುತ್ತೇನೆ.