ಕುರ್ಚಿಯಿಂದ ಏಳದ ಮಾವನವರ ಬಗ್ಗೆ

ನಾನು, ಮನೆಯಲ್ಲೂ ಕಚೇರಿಯಲ್ಲೂ ವೈರಣ್ಣನೆಂದೇ ಕರೆಸಿಕೊಳ್ಳುವವನು, ವಯಸ್ಸು ಮೂವತ್ತನಾಲ್ಕು, ಉದ್ಯೋಗ: ಮಾವನವರ ಶೈತ್ಯಾಗಾರದ ಕಂಪ್ಯೂಟರ್ ನೋಡಿಕೊಳ್ಳುವುದು, ವಾಸ: ಅದೇ ಮಾವನವರ ಮನೆಯ ಮಹಡಿ, ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುವುದೇನೆಂದರೆ:

ಶೈತ್ಯಾಗಾರಕ್ಕೂ ನಮ್ಮ ಕಚೇರಿಗೂ ಆರು ಕಿಲೋಮೀಟರ್ ದೂರ ಇರುತ್ತದೆ. ಅಲ್ಲಿ ಯಂತ್ರದ ಕೋಣೆಯಲ್ಲಿ ಮಾವನವರು ಒಬ್ಬರೇ ಕೂರುತ್ತಾರೆ. ವಯಸ್ಸಾಯಿತೆಂದು ಅಲ್ಲೊಂದು ಕ್ಯಾಮೆರಾ ಇಟ್ಟಿರುತ್ತೇವೆ. ಅದರ ಚಿತ್ರ ಐದು ಸೆಕೆಂಡಿಗೊಮ್ಮೆ ಬದಲಾಗುತ್ತ ಕಚೇರಿಯ ಪರದೆಗೆ ಬರುತ್ತದೆ. ನೇರವಾಗಿ ಅಲ್ಲ, ನಡುವೆ ನಾನು ಕೂರಿಸಿದ ಪ್ರಾಕ್ಸಿ ಸರ್ವರ್ ಇದೆ. ಹಾಗೆಂದರೇನೆಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದರಿಂದ ವಿವರಿಸುತ್ತೇನೆ. ಅದು ನಮ್ಮ ಅತ್ತೆಯವರಿದ್ದಂತೆ. ಬಾಗಿಲಲ್ಲೇ ನಿಂತು, ಹೊರಗಿನವರನ್ನು ಒಳಗೆ ಬಿಡದೆ, ಒಳಗಿನವರ ಮುಖವನ್ನೂ ತೋರಿಸದೆ, ಎಲ್ಲರ ಪರವಾಗಿ ತಾನೇ ಮಾತಾಡುತ್ತದೆ. ಕಳ್ಳ ಜಾಲತಾಣಗಳನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಒಬ್ಬರು ಕೇಳಿದ ಪುಟವನ್ನು ಒಮ್ಮೆ ತಂದರೆ ಅದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು, ಇನ್ನೊಬ್ಬರು ಕೇಳಿದಾಗ ಮತ್ತೆ ಅಷ್ಟು ದೂರ ಹೋಗದೆ ಥಟ್ಟನೆ ಅದನ್ನೇ ಕೊಡುತ್ತದೆ. ಆ ಕಡೆಯ ಯಂತ್ರ ಉತ್ತರ ಕೊಡದಿದ್ದರೂ ಯಾರನ್ನೂ ಬರಿಗೈಯಲ್ಲಿ ಕಳಿಸಬೇಡ, ಇಟ್ಟುಕೊಂಡದ್ದನ್ನೇ ಕೊಡು ಎಂದು ಅದಕ್ಕೆ ಹೇಳಿಕೊಟ್ಟವನು ನಾನೇ. ಪರದೆ ಖಾಲಿಯಾದರೆ ಎಲ್ಲರೂ ನನ್ನನ್ನೇ ಬೈಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಹೆಂಡತಿ ಮಾವನವರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಪರದೆಯಲ್ಲಿ ಮಾವನವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಫೋನ್ ಮೊಣಕೈ ಪಕ್ಕದಲ್ಲೇ ಇತ್ತು. ತಿಂಡಿಯ ಹೊತ್ತಿನಲ್ಲಿ, ನನ್ನನ್ನೇನು ಮ್ಯೂಸಿಯಂ ಗೊಂಬೆ ಮಾಡಿದ್ದೀರಾ, ಆ ಕ್ಯಾಮೆರಾ ಕಿತ್ತೆಸೀರಿ ಎಂದು ಅವರು ಕೂಗಾಡಿದ್ದರಿಂದ, ಮುನಿಸು ಇನ್ನೂ ಇಳಿದಿಲ್ಲವೆಂದು ತಿಳಿದೆವು. ಹೆಂಡತಿ ಮತ್ತೆ ಎರಡು ಸಲ ಮಾಡಿ, ನೋಡ್ರೀ ಅಪ್ಪನ ಹಠಾನ, ಮಗಳು ಸಾಯ್ತೀನಂದ್ರೂ ತಲೆ ಎತ್ತಲ್ಲ ಎಂದಳು. ನಾನು ಪರದೆಯತ್ತ ಕೈ ಬೀಸಿ, ಮಾವಾ, ಉಸಿರಾದ್ರೂ ಆಡಿ ಎಂದು ತಮಾಷೆ ಮಾಡಿದ್ದು ನಿಜ.

ಹನ್ನೆರಡೂಕಾಲಿಗೆ ಹೆಂಡತಿ, ರೀ, ಆ ಬೆಕ್ಕು ಯಾವಾಗ ಇಳಿಯುತ್ತೆ ಎಂದು ಕೇಳಿದಳು. ಅದಕ್ಕೆ ಮನಸ್ಸು ಬಂದಾಗ ಎಂದೆ. ಅವಳು ನನ್ನ ಕಾಲರ್ ಹಿಡಿದು ಪರದೆಯ ಮುಂದೆ ತಂದು ನಿಲ್ಲಿಸಿದಳು. ಚಿತ್ರದ ಮೂಲೆಯಲ್ಲಿ, ಕಪಾಟಿನಿಂದ ನೆಗೆದ ಬೆಕ್ಕು ನೆಲದಿಂದ ಒಂದು ಗೇಣು ಮೇಲೆ, ನಾಲ್ಕೂ ಕಾಲು ಚಾಚಿಕೊಂಡು ಗಾಳಿಯಲ್ಲಿ ನಿಂತಿತ್ತು. ಹನ್ನೊಂದಕ್ಕೂ ಅಲ್ಲೇ ಇತ್ತು ಎಂದಳು. ನಾನು ಪ್ರಾಕ್ಸಿಯನ್ನು ಬದಿಗಿಟ್ಟು ಕ್ಯಾಮೆರಾವನ್ನೇ ನೇರವಾಗಿ ಕೇಳಿದೆ. ಉತ್ತರ ಬರಲಿಲ್ಲ; ಅಷ್ಟು ಹೊತ್ತೂ ನಾವು ನೋಡಿದ್ದು ಪ್ರಾಕ್ಸಿ ಇಟ್ಟುಕೊಂಡಿದ್ದ ಹಳೆಯ ಚಿತ್ರವನ್ನು.

ಸ್ಕೂಟರಿನಲ್ಲಿ ಹದಿನಾಲ್ಕು ನಿಮಿಷಕ್ಕೆ ತಲುಪಿದೆವು. ಕರೆಂಟ್ ಹೋಗಿತ್ತು. ಕುರ್ಚಿ ಖಾಲಿ ಇತ್ತು. ಮಾವನವರು ಪಕ್ಕದಲ್ಲೇ ಇರುವ, ಬಟಾಣಿ ಇಡುವ ಮೈನಸ್ ಹದಿನೆಂಟರ ಕೋಣೆಯೊಳಗೆ ಗೋಣಿಚೀಲ ಹೊದ್ದು ಬಿದ್ದಿದ್ದರು; ಬಾಗಿಲಿನ ಒಳಗಿನ ಹಿಡಿ ಕಿತ್ತು ಬಂದು ಅವರ ಕೈಯಲ್ಲೇ ಇತ್ತು. ಉಸಿರಿತ್ತು.

ಆಂಬುಲೆನ್ಸ್‌ನಲ್ಲಿ ಕಣ್ಣು ಬಿಟ್ಟು ಅವರು ಮೊದಲು ಕೇಳಿದ್ದು, ನನ್ನ ಕುರ್ಚಿಯಲ್ಲಿ ಕೂತಿದ್ದವನು ಯಾರು ಎಂದು. ಬಾಗಿಲಿನ ಗಾಜಿನಿಂದ ಅವನ ಬೆನ್ನು ಕಾಣುತ್ತಿತ್ತಂತೆ. ನನ್ನದೇ ಸ್ವೆಟರ್ ಹಾಕ್ಕೊಂಡಿದ್ದ, ಎಷ್ಟು ಬಡಿದ್ರೂ ತಿರುಗಲಿಲ್ಲ, ಮೂರು ಸಲ ಫೋನ್ ಹೊಡ್ಕೊಂಡ್ರೂ ಎತ್ತಲಿಲ್ಲ, ಎಂಥಾ ಹಠಮಾರಿ ಎಂದರು. ಚಳಿಗೆ ಹಾಗೆಲ್ಲ ಕಾಣುತ್ತದೆಂದು ಡಾಕ್ಟರು ಹೇಳಿರುತ್ತಾರೆ. ನಾವೂ ಹಾಗೇ ಅಂದುಕೊಂಡಿರುತ್ತೇವೆ.

ಆದರೆ ಮಾವನವರು ಮನೆಗೆ ಬಂದರೂ ಕೆಲಸಕ್ಕೆ ಹೋಗುತ್ತಿಲ್ಲ. ದಿನಾ ನನ್ನನ್ನು ಕರೆದು, ಅವನು ಎದ್ದನೇನಪ್ಪಾ ಎಂದು ಕೇಳುತ್ತಾರೆ. ಪ್ರಾಕ್ಸಿಯಲ್ಲಿ ಉಳಿದಿರುವ ಆ ಚಿತ್ರದ ಪ್ರತಿಯು ಸಾಕ್ಷ್ಯವಾದ್ದರಿಂದ ಅದನ್ನು ಮುಟ್ಟಬಾರದೆಂದು ಠಾಣೆಯ ಅಪ್ಪಣೆಯಾಗಿರುವುದರಿಂದ, ಅವನು ಕೂತೇ ಇದ್ದಾನೆ. ದಯವಿಟ್ಟು ಅದನ್ನು ಅಳಿಸಲು ಅನುಮತಿ ಕೊಡಬೇಕು. ಹೆಂಡತಿಯು, ಅಳಿಸೋವಾಗ ನಾನು ಅಪ್ಪನ ಕೈ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ, ಹೋಗೋನು ಯಾರು ಅಂತ ನನಗೆ ಗೊತ್ತಾಗಬೇಕು ಎಂದು ಹೇಳಿರುತ್ತಾಳೆ.

ನಾನು ಹೇಳಿದ್ದನ್ನೇ ಬರೆದುಕೊಂಡು ಓದಿ ಹೇಳಿರುತ್ತಾರೆ. ಕೇಳಿದೆ, ಎಲ್ಲವೂ ನಡೆದಂತೆಯೇ ಇದೆ.

ಸ್ಥಳ: ಠಾಣೆಯ ಬರಹಗಾರರ ಮೇಜು
ದಿನ: ಮರುವಾರದ ಮಂಗಳವಾರ
ಸಹಿ: ವೈರಣ್ಣ (ಅಳಿಯ)